ಕೊಟ್ಟು ತಂದವರು

ಬಂಡೆಹಟ್ಟಿ, ಹೊಸದುರ್ಗ ತಾಲ್ಲೂಕು
12-11-1975

ಅತ್ತಿಗೆ ಜಯಕ್ಕನಿಗೆ ಚಿತ್ತಮ್ಮನ ನಮಸ್ಕಾರ.

ನಾನು ನಿನ್ನ ಅಣ್ಣನ ಹೆಂಡತಿ, ನೀನು ನನ್ನ ಅಣ್ಣನ ಹೆಂಡತಿ. ಯಾರು ಯಾರಿಗೆ ಅತ್ತಿಗೆ ಎಂದು, ಒಂದೇ ಚಪ್ಪರದಡಿ ಇಬ್ಬರೂ ತಾಳಿ ಕಟ್ಟಿಸಿಕೊಂಡ ದಿನವೇ ಜಗಳ ತೆಗೆದಿದ್ದೆಯಲ್ಲ, ಅದು ಇನ್ನೂ ತೀರ್ಮಾನವಾಗಿಲ್ಲ. ಸದ್ಯಕ್ಕೆ ನೀನೇ ಅತ್ತಿಗೆಯಾಗಿರು. ಕೇಳುವ ಕಷ್ಟ ನನ್ನದು.

ಹಟ್ಟಿಯ ಬೇಲಿಯಾಚೆಯ ಗುಡಿಸಲಿನಲ್ಲಿ ಕುಳಿತು ಬರೆಯುತ್ತಿದ್ದೇನೆ. ತಿಂಗಳ ದಿನಗಳಲ್ಲಿ ಹೆಂಗಸರು ಇಲ್ಲೇ ಇರಬೇಕು, ಹೆರಿಗೆಯೂ ಇಲ್ಲೇ ಎಂದು ನಿನಗೆ ನಾನು ಹೇಳಬೇಕೇ! ನೀನು ಇಲ್ಲೇ ಹುಟ್ಟಿ ಬೆಳೆದವಳು. ನಾನೋ, ಡ್ಯಾಮಿನ ಗೇಟು ಏರಿಸಿ ಇಳಿಸುವ ಬೋರಣ್ಣನ ಮಗಳು, ಮಾರಿಕಣಿವೆಯ ಕ್ವಾರ್ಟರ್ಸಿನಲ್ಲಿ ಕಾಲು ಚಾಚಿಕೊಂಡು ಬೆಳೆದವಳು. ಮಳೆ ಬಂದರೆ ಇಲ್ಲಿ ಕಾಲು ಚಾಚುವುದಿರಲಿ, ಕುಕ್ಕರಗಾಲಿನಲ್ಲಿ ಕೂರಬೇಕು.

ಅಪ್ಪ ಕೊಟ್ಟ ಚದುರಂಗದ ಮಣೆ ಮನೆಯ ಅಟ್ಟದ ಮೇಲಿದೆ. ಇಲ್ಲಿಗೆ ತಂದರೆ ಮತ್ತೆ ಒಳಗೆ ಒಯ್ಯುವಂತಿಲ್ಲ. ಹಾಗಾಗಿ ಎರಡು ಸಲ ರಾಜ್ಯದ ಮಹಿಳಾ ಚಾಂಪಿಯನ್ ಆದ ಚಿತ್ತಮ್ಮನವರು ಈಗ ನೆಲದ ಮೇಲೆ ಇದ್ದಿಲಿನಿಂದ ಗೆರೆ ಎಳೆದು, ಸೂಲಗಿತ್ತಿ ಹುಚ್ಚಕ್ಕನ ಜೊತೆ ಹುಲಿ-ಕುರಿ ಆಟ ಆಡುತ್ತಿದ್ದಾರೆ. ಹುಚ್ಚಕ್ಕನ ಹುಲಿ ಕದಲದ ಹಾಗೆ ನನ್ನ ಕುರಿಗಳು ಸುತ್ತುಗಟ್ಟಿದರೆ ಗೆದ್ದಂತೆ. ಚೆನ್ನಾಗಿ ಆಡುತ್ತೇನೆ. ನಗಬೇಡ.

ಈಗ ವಿಷಯಕ್ಕೆ ಬರುತ್ತೇನೆ. ಚದುರಂಗದ ಸಂಘದಿಂದ ಕಾಗದ ಬಂದಿದೆ. ಬರುವ ಮೇ ತಿಂಗಳು ಮೈಸೂರಿನಲ್ಲಿ ರಾಜ್ಯ ಪಂದ್ಯ. ನಾನು ಹೋಗದಿದ್ದರೆ ಪಟ್ಟ ಬೇರೆಯವರಿಗೆ. ಅದಕ್ಕಿಂತ ಹೆಚ್ಚಾಗಿ, ಒಂದು ವರ್ಷ ಬಿಟ್ಟರೆ ನಾನು ಮತ್ತೆ ಆಡಲಾರೆ ಎಂಬ ಭಯ. ನಿನ್ನ ಅವ್ವನನ್ನು ಕೇಳಿದೆ. "ಹೋಗವ್ವ, ಬ್ಯಾಡ ಅಂದೋರ್ಯಾರು? ಕುರಿ ಉಣ್ಣೆ ಕತ್ರಿಸೋದೊಂದು ಐತೆ, ಮುಗೀಲಿ" ಅಂದರು. ಕಳೆದ ತಿಂಗಳು ಕೇಳಿದಾಗ ರಾಗಿ ಕೊಯ್ಲು ಮುಗಿಯಲಿ ಅಂದಿದ್ದರು. ಬೈಯುವುದಿಲ್ಲ, ಮುನಿಯುವುದಿಲ್ಲ, ತಟ್ಟೆಗೆ ಒಂದು ಮುದ್ದೆ ಹೆಚ್ಚೇ ಹಾಕುತ್ತಾರೆ. ಇದಕ್ಕೆ ಏನರ್ಥ? ನಿನ್ನ ಹೆತ್ತವಳು, ನೀನೇ ಹೇಳು.

ನಮ್ಮಣ್ಣ ಜುಂಜಣ್ಣ ಹಿರಿಯೂರಿನ ಕೊಬ್ಬರಿ ಮಂಡಿಯಿಂದ ಹೊತ್ತಿಗೆ ಸರಿಯಾಗಿ ಮನೆಗೆ ಬರುತ್ತಾನೆಯೇ? ಇಲ್ಲವಾದರೆ ಬರೆ, ಬೈದು ಕಾಗದ ಹಾಕುತ್ತೇನೆ.

ನಿನ್ನ
ಚಿತ್ತಮ್ಮ

*

ಮಾರಿಕಣಿವೆ
30-11-1975

ಚಿತ್ತಮ್ಮನಿಗೆ ಜಯಕ್ಕ ಮಾಡುವ ಆಶೀರ್ವಾದ. (ಅತ್ತಿಗೆ ಅಂತ ಒಪ್ಪಿಕೊಂಡೆಯಲ್ಲ, ಈಗ ಅನುಭವಿಸು.)

ನಾನು ಓದಿದ್ದು ನಾಲ್ಕನೇ ಕ್ಲಾಸು. ತಪ್ಪು ಇದ್ದರೆ ನೀನೇ ತಿದ್ದಿಕೊಂಡು ಓದು.

ನಮ್ಮವ್ವ ಸಿದ್ದಕ್ಕ ಯಾವತ್ತೂ ಬೇಡ ಅನ್ನುವವಳಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಅದು ಅವಳ ದಾರಿ. ನಾನು ಐದನೇ ಕ್ಲಾಸಿಗೆ ಹೋಗುತ್ತೇನೆ ಅಂದಾಗ "ಹೋಗೇ, ಮರಿ ಹಾಲು ಬಿಡ್ಲಿ" ಅಂದಳು. ಮರಿ ಹಾಲು ಬಿಟ್ಟಿತು, ಇನ್ನೊಂದು ಮರಿ ಹುಟ್ಟಿತು. ಹಟ್ಟಿಯಲ್ಲಿ ಮರಿ ಹುಟ್ಟುವುದು ನಿಲ್ಲುತ್ತದೆಯೇ?

ನಮ್ಮಣ್ಣ ಮೂಡಲಗಿರಿಯಪ್ಪ ಒಳ್ಳೆಯವನು, ಆದರೆ ಅವ್ವನ ಎದುರು ಅವನದು ಕುರಿಮರಿಯ ದನಿ. ಅವನನ್ನು ನಂಬಿ ಕೂರಬೇಡ.

ಇನ್ನೊಂದು ಮಾತಿದೆ. ನಿನಗೆ ಯಾರೂ ಹೇಳಿಲ್ಲ ಅಂತ ನಿನ್ನ ಕಾಗದ ಓದಿದ ಮೇಲೆ ಗೊತ್ತಾಯಿತು. ನಮ್ಮದು ಕೊಟ್ಟು ತಂದ ಸಂಬಂಧ. ನಿನ್ನನ್ನು ಅಲ್ಲಿಗೆ ಕೊಟ್ಟರು, ನನ್ನನ್ನು ಇಲ್ಲಿಗೆ ತಂದರು. ಹಿರಿಯರ ಮುಂದೆ ಆದ ಮಾತು ಏನೆಂದರೆ, ಅಲ್ಲಿಯ ಸೊಸೆ ಅತ್ತೆ ಮನೆಯವರು ಕಳಿಸದೆ ತಾನಾಗಿ ತವರು ಸೇರಿದರೆ ಇಲ್ಲಿಯ ಸೊಸೆಯನ್ನೂ ವಾಪಸ್ ಕರೆಸಿಕೊಳ್ಳಬೇಕು. ನಿಮ್ಮಪ್ಪ ವೀಳ್ಯ ಹಿಡಿದು ಹೂಂ ಅಂದಿದ್ದಾರೆ. ನಾನು ಬಾಗಿಲ ಮರೆಯಲ್ಲಿ ನಿಂತು ಕೇಳಿಸಿಕೊಂಡೆ.

ಈಗ ಬರೆಯುವುದಕ್ಕೆ ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ನಾನು ವಾಪಸ್ ಹೋಗಲಾರೆ ಚಿತ್ತಮ್ಮ. ಇಲ್ಲಿಗೆ ಬಂದ ಮೊದಲ ತಿಂಗಳು ಹೊರಗಾದಾಗ ಸೌದೆ ಕೊಟ್ಟಿಗೆಯಲ್ಲಿ ಹೋಗಿ ಕೂತೆ. ಮಾವಯ್ಯ ಬಂದು "ಯಾಕವ್ವ ಇಲ್ಲಿ ಕುಂತಿದೀಯ? ಚೇಳು ಐತೆ, ಒಳಕ್ ಬಾ" ಅಂದರು. ಅಷ್ಟೇ. ಆ ದಿನ ಒಳಗೆ ಚಾಪೆ ಹಾಸಿಕೊಂಡು ಮಲಗಿದೆ. ಮಲಗಿ ಅತ್ತೆ. ಇಷ್ಟು ಸುಲಭವಾಗಿ ಒಳಗೆ ಬರಬಹುದಾಗಿತ್ತೇ ಅಂತ ಅಳು.

ನೀನು ಬೇಲಿ ಹಾರಿದರೆ ಬಂದು ಬೀಳುವವಳು ನಾನು. ನನ್ನ ಮೇಲೆ ಸಿಟ್ಟು ಮಾಡಿಕೋ, ಸುಳ್ಳು ಹೇಳಿದಳು ಅಂತ ಮಾತ್ರ ಅನ್ನಬೇಡ.

ಜಯಕ್ಕ

*

ಬಂಡೆಹಟ್ಟಿ
20-1-1976

ಜಯಕ್ಕನಿಗೆ,

ಇಷ್ಟು ದಿನ ಬರೆಯಲಿಲ್ಲ. ಸಿಟ್ಟು ಮಾಡಿಕೋ ಅಂದೆಯಲ್ಲ, ಮಾಡಿಕೊಂಡೆ.

ಅಪ್ಪನ ಮೇಲೆ ಮೊದಲು. "ಹೌದೇನಪ್ಪ, ನನ್ನನ್ನು ಅಡ ಇಟ್ಟೆಯೇನಪ್ಪ?" ಎಂದು ನೇರವಾಗಿ ಬರೆದು ಕೇಳಿದೆ. ಅವರು ಏನು ಉತ್ತರ ಕಳಿಸಿದರು ಗೊತ್ತೇ? ಒಂದು ಚದುರಂಗದ ಲೆಕ್ಕ. ಬಿಳಿಯ ರಾಜ ಇಲ್ಲಿ, ಕುದುರೆ ಅಲ್ಲಿ, ಮೂರು ನಡೆಯಲ್ಲಿ ಬಿಳಿ ಗೆಲ್ಲಬೇಕು, ಬಿಡಿಸು ಮಗಳೇ ಎಂದು. ಕೆಳಗೆ ಸಹಿ. ನಾನು ಅದನ್ನು ಹರಿದು ಒಲೆಗೆ ಹಾಕಿದೆ. ಹಾಕಿದ ಮೇಲೆ ರೊಟ್ಟಿ ತಟ್ಟುತ್ತಾ ಬಿಡಿಸಿದೆ. ಈ ಜನ್ಮಕ್ಕೆ ಬುದ್ಧಿ ಬರುವುದಿಲ್ಲ.

ನಿಮ್ಮಣ್ಣನನ್ನು ಕೇಳಿದೆ. ಪಾಪ, ಅವರು ನನ್ನ ಜೊತೆ ಕೂತು ಆಟ ಕಲಿಯಲೂ ನೋಡಿದರು. ಆನೆಯನ್ನು ಒಂಟೆಯ ಹಾಗೆ ಓರೆಗೆ ನಡೆಸುತ್ತಾರೆ. "ನಿಂಗೆ ಹೋಗಬೇಕು ಅಂತ ಗೊತ್ತೈತೆ ಕಣೆ. ಅವ್ವ ಹೂಂ ಅಂದ ದಿನ ನಾನೇ ಬಸ್ಸಿಗೆ ಹತ್ತಿಸ್ತೀನಿ" ಎಂದರು. ಅವ್ವ ದಿನಾಲೂ ಹೂಂ ಅನ್ನುತ್ತಾರೆ, ಬಸ್ಸು ಮಾತ್ರ ಬರುವುದಿಲ್ಲ.

ಒಬ್ಬರಾದರೂ ಬೈದಿದ್ದರೆ ಚೆನ್ನಾಗಿತ್ತು. ಬೈದವರ ಎದುರು ನಿಂತು ಜಗಳ ಆಡಬಹುದು. ಇಲ್ಲಿ ಎಲ್ಲರೂ ಒಳ್ಳೆಯವರು. ಆ ಕಡೆ ಹೊರಟರೆ ನೀನು, ಈ ಕಡೆ ಹೊರಟರೆ ಅಪ್ಪನ ಮಾತು. ಅಡಕತ್ತರಿಯಲ್ಲಿ ಸಿಕ್ಕಿದ್ದೇನೆ. ನೆನ್ನೆ ನೀರು ಸೇದುತ್ತಾ ಇದ್ದಕ್ಕಿದ್ದಂತೆ ಉಸಿರು ಕಟ್ಟಿದ ಹಾಗಾಗಿ ಬಾವಿಕಟ್ಟೆಯ ಮೇಲೆ ಕೂತುಬಿಟ್ಟೆ. "ಬಸಿರೇನೇ?" ಎಂದು ನಿಮ್ಮವ್ವ ಓಡಿ ಬಂದರು. ಅಲ್ಲ ಎಂದೆ. ಅವರ ಮುಖ ಬಾಡಿತು.

ನೀನು ವಾಪಸ್ ಬರಬೇಡ. ನಾನು ಬೇಲಿ ಹಾರುವುದಿಲ್ಲ. ಮಾತು ಕೊಟ್ಟಿದ್ದೇನೆ ಎಂದು ತಿಳಿದುಕೋ. ಆದರೆ ಸಂತೋಷದಿಂದ ಕೊಟ್ಟೆ ಎಂದು ತಿಳಿಯಬೇಡ.

ಚಿತ್ತಮ್ಮ

*

ಮಾರಿಕಣಿವೆ
18-3-1976

ಚಿತ್ತಮ್ಮನಿಗೆ,

ನಿಮ್ಮವ್ವ ಇದ್ದಿದ್ದರೆ ಈ ಸುದ್ದಿ ಅವರೇ ಬರೆಯುತ್ತಿದ್ದರು. ನಾನೇ ಬರೆಯಬೇಕಾಗಿದೆ. ನನಗೆ ಆರು ತಿಂಗಳು. ಇಷ್ಟು ದಿನ ಹೇಳದ್ದಕ್ಕೆ ಬೈದುಕೋ. ನಿನ್ನ ಕಾಗದ ಓದಿದ ಮೇಲೆ ನನ್ನ ಸುಖದ ಸುದ್ದಿ ಹೇಗೆ ಬರೆಯಲಿ?

ಇಲ್ಲಿಯ ಆಸ್ಪತ್ರೆಯ ನರ್ಸಮ್ಮ ವಾರಕ್ಕೊಮ್ಮೆ ಕಾಲು ಮುಟ್ಟಿ ನೋಡುತ್ತಾಳೆ. ಊದಿದೆ, ಉಪ್ಪು ಬಿಡು ಅನ್ನುತ್ತಾಳೆ. ಉಪ್ಪಿಲ್ಲದ ಸಾರು ಉಣ್ಣುವುದಕ್ಕಿಂತ ಊದಿಕೊಂಡೇ ಇರುತ್ತೇನೆ ಅಂದೆ. ನಿಮ್ಮಣ್ಣ ದಿನಾ ಒಂದು ಎಳನೀರು ತರುತ್ತಾನೆ, ಮಂಡಿಯವರು ಇವನಿಗೇನು ಹುಚ್ಚೇ ಅನ್ನುತ್ತಾರಂತೆ.

ಈಗ ಕೇಳು. ಮಾವಯ್ಯ ಸಂಜೆ ಒಬ್ಬರೇ ಮಣೆ ಮುಂದೆ ಕೂತು ಎರಡೂ ಕಡೆ ಅವರೇ ಆಡುತ್ತಾರೆ. ನಾನು ಸೊಪ್ಪು ಸೋಸುತ್ತಾ ನೋಡುತ್ತಿರುತ್ತೇನೆ. ಒಂದು ದಿನ ರಾಜ, ಆನೆ ಎರಡನ್ನೂ ಒಂದೇ ಸಲಕ್ಕೆ ಅದಲು ಬದಲು ಮಾಡಿದರು. "ಇದೆಂಥ ಮೋಸ ಮಾವಯ್ಯ?" ಅಂದೆ. "ಮೋಸ ಅಲ್ಲವ್ವ. ಕಾನೂನೇ ಐತೆ" ಅಂದರು. ಆಗ ತಲೆಗೆ ಹೊಳೆಯಿತು. ಮೊದಲ ಹೆರಿಗೆ ತವರಲ್ಲಿ! ಇದಕ್ಕಿಂತ ದೊಡ್ಡ ಕಾನೂನು ಯಾವುದಿದೆ? ನಾನು ಹಟ್ಟಿಗೆ ಬಂದರೆ ಅವ್ವನಿಗೆ ಅವಳ ಮಗಳು ಸಿಕ್ಕಂತೆ. ಆಗ ನೀನು ನಿನ್ನ ತವರಿಗೆ ಬಂದರೆ ಯಾವ ಹಿರಿಯ ಏನು ಅನ್ನುತ್ತಾನೆ? ಲೆಕ್ಕ ಸರಿ ಹೋಯಿತು. ನೀನು ಮಾರಿಕಣಿವೆಗೆ ಬಾ, ಅಲ್ಲಿಂದ ಮೈಸೂರಿಗೆ ಹೋಗು.

ಅವ್ವನಿಗೂ ಕಾಗದ ಹಾಕಿಸಿದ್ದೇನೆ. ಏಪ್ರಿಲ್ ಕೊನೆಗೆ ಬರುತ್ತೇನೆ.

ಜಯಕ್ಕ

*

ಬಂಡೆಹಟ್ಟಿ
25-3-1976

ಜಯಕ್ಕ,

ಬೇಡ. ಹುಚ್ಚು ಹುಚ್ಚಾಗಿ ಆಡಬೇಡ. ನೀನು ಹೆರಬೇಕಾದದ್ದು ಮನೆಯೊಳಗಲ್ಲ, ಈ ಗುಡಿಸಲಿನಲ್ಲಿ. ಹೆತ್ತ ಮೇಲೆ ತಿಂಗಳುಗಟ್ಟಲೆ ಕೂಸಿನ ಜೊತೆ ಇಲ್ಲೇ ಇರಬೇಕು. ಆಷಾಢದ ಗಾಳಿಗೆ ಇದರ ತಡಿಕೆ ನಿಲ್ಲುವುದಿಲ್ಲ. ಅಲ್ಲಿ ನರ್ಸಮ್ಮ ಇದ್ದಾಳೆ, ಅಲ್ಲೇ ಇರು. ಪಂದ್ಯ ಹಾಳಾಗಿ ಹೋಗಲಿ.

ಆದರೆ ನಿಮ್ಮವ್ವನಿಗೆ ನಿನ್ನ ಕಾಗದ ಓದಿ ಹೇಳಿದವಳು ನಾನೇ. ಓದುವಾಗ ನನ್ನ ದನಿ ನಡುಗಿತು. ಭಯಕ್ಕಲ್ಲ, ಆಸೆಗೆ. ಅದನ್ನು ನಿನ್ನಿಂದ ಮುಚ್ಚಿಡಲಾರೆ. ಅದಕ್ಕೇ ಹೇಳುತ್ತೇನೆ, ಬರಬೇಡ.

ಚಿತ್ತಮ್ಮ

*

ಮಾರಿಕಣಿವೆ
7-4-1976

ಚಿತ್ತಮ್ಮ,

ನಾನು ಆ ಗುಡಿಸಲಿನಲ್ಲೇ ಹುಟ್ಟಿದವಳು, ಸತ್ತಿದ್ದೇನೆಯೇ? ಹುಚ್ಚಕ್ಕನಿಗೆ ಹೇಳಿ ತಡಿಕೆಗೆ ಸಗಣಿ ಸಾರಿಸಿಡು. ಮಣೆಯನ್ನು ಅಟ್ಟದಿಂದ ಇಳಿಸು. ಬಾಯಿ ಮುಚ್ಚಿಕೊಂಡು ಮೈಸೂರಿಗೆ ಹೋಗು, ಗೆದ್ದು ಬಾ.

ಜಯಕ್ಕ

*

ಮಾರಿಕಣಿವೆ
2-6-1976

ಅತ್ತಿಗೆ ಜಯಕ್ಕನಿಗೆ,

ಮೈಸೂರಿನಿಂದ ಬಂದೆ. ಗೆಲ್ಲಲಿಲ್ಲ. ಎರಡನೆಯವಳಾದೆ. ಹೇಗೆ ಎಂದು ಕೇಳಿದರೆ ನೀನು ತಲೆ ತಲೆ ಚಚ್ಚಿಕೊಳ್ಳುತ್ತೀ.

ಕೊನೆಯ ಆಟ. ಎದುರಿಗೆ ಧಾರವಾಡದ ಕಾಲೇಜು ಹುಡುಗಿ. ಅವಳ ಹತ್ತಿರ ಬರೀ ರಾಜ ಉಳಿದಿತ್ತು, ನನ್ನ ಹತ್ತಿರ ಮಂತ್ರಿ, ಆನೆ. ಮಕ್ಕಳೂ ಗೆಲ್ಲುವ ಆಟ. ಅವಳ ರಾಜನನ್ನು ಮೂಲೆಗೆ ಒತ್ತಿ, ಒಂದು ಮನೆಯೂ ಬಿಡದೆ ಸುತ್ತಲೂ ಮುಚ್ಚಿದೆ. "ಆಯ್ತು!" ಎಂದು ಎದ್ದು ನಿಂತೆ. ಆ ಹುಡುಗಿ ನಕ್ಕಳು. ತೀರ್ಪುಗಾರರು ಬಂದು "ಡ್ರಾ" ಎಂದರು. ಆ ಅರ್ಧ ಅಂಕದಲ್ಲೇ ಪಟ್ಟ ಅವಳ ಪಾಲಾಯಿತು.

ಚದುರಂಗದಲ್ಲಿ ರಾಜನಿಗೆ ಚೆಕ್ ಕೊಟ್ಟು ಕಟ್ಟಬೇಕು. ಚೆಕ್ ಇಲ್ಲದೆ, ಸುಮ್ಮನೆ ನಡೆಯೇ ಇಲ್ಲದ ಹಾಗೆ ಮಾಡಿದರೆ ಯಾರೂ ಗೆದ್ದಂತಲ್ಲ. ಒಂಬತ್ತನೇ ವಯಸ್ಸಿಗೆ ಅಪ್ಪ ಕಲಿಸಿದ ಪಾಠ. ಆದರೆ ಒಂದು ವರ್ಷ ಗುಡಿಸಲಿನಲ್ಲಿ ಹುಲಿ ಕಟ್ಟಿ ಕಟ್ಟಿ ನನ್ನ ಕೈ ಕುರಿಯ ಕೈಯಾಗಿಬಿಟ್ಟಿತ್ತು. ರಾಜ ಕದಲದಿದ್ದರೆ ಸಾಕು, ಗೆದ್ದೆ ಎಂದುಕೊಂಡೆ. ಅಪ್ಪನಿಗೆ ಹೇಳಿದಾಗ ಅವರು ಸಿಟ್ಟಾಗಲಿಲ್ಲ. "ಅಲ್ಲಿಗೆ ಕೊಟ್ಟೋನು ನಾನಲ್ವೇನವ್ವ" ಎಂದರು. ಆಡಿದ ಮಾತು, ಒಡೆದ ಮುತ್ತು, ಇನ್ನೇನು ಮಾಡಲಿ ಎಂದೂ ಅಂದರು.

ಆದರೂ ಒಂದು ಒಳ್ಳೆಯ ಸುದ್ದಿ. ಮೊದಲ ಇಬ್ಬರನ್ನೂ ಅಕ್ಟೋಬರಿನಲ್ಲಿ ಮದ್ರಾಸಿಗೆ ಕಳಿಸುತ್ತಾರೆ, ಅಖಿಲ ಭಾರತ ಪಂದ್ಯ! ಕುರಿಯ ಕೈ ಬಿಡಿಸಬೇಕೆಂದು ಅಪ್ಪ ಬೆಳಗ್ಗೆ, ಸಂಜೆ ಮಣೆ ಹಾಕುತ್ತಾರೆ. ನೆನ್ನೆ ಅವರನ್ನು ಸೋಲಿಸಿದೆ. ಜಯಕ್ಕ, ನಾನು ಬದುಕಿದ್ದೇನೆ ಅನ್ನಿಸಿತು. ಈ ಮಾತು ಬೇರೆ ಯಾರಿಗೂ ಬರೆಯಲಾರೆ.

ಹೆರಿಗೆಯಾದ ಕೂಡಲೇ ಸುದ್ದಿ ಕಳಿಸು. ನಮ್ಮಣ್ಣ ನಿಂತಲ್ಲಿ ನಿಲ್ಲುತ್ತಿಲ್ಲ.

ಚಿತ್ತಮ್ಮ

*

ಬಂಡೆಹಟ್ಟಿ
12-7-1976

ಚಿತ್ತಮ್ಮನಿಗೆ,

ಹೆಣ್ಣು ಕೂಸು. ಜೂನ್ ಕೊನೆಗೆ ಆಯಿತು. ಹುಚ್ಚಕ್ಕನ ಕೈ ಒಳ್ಳೆಯದು, ನಾನೂ ಗಟ್ಟಿ ಇದ್ದೇನೆ. ಕೂಸಿಗೆ ನಿಮ್ಮ ಮನೆಯವರದೇ ಮೂಗು, ಏನು ಮಾಡುವುದು.

ನಿಮ್ಮಣ್ಣ ಬಂದಿದ್ದು ನಿನಗೆ ಹೇಳಿರುತ್ತಾನೆ. ಏನು ಹೇಳಿದನೋ ಗೊತ್ತಿಲ್ಲ, ಆದದ್ದು ಇದು. ಬೇಲಿಯ ಆಚೆ ನಿಂತು "ಕರ್ಕಂಡು ಹೋಗ್ತೀನಿ ಅತ್ತೆಮ್ಮ, ಅಲ್ಲಿ ಆಸ್ಪತ್ರೆ ಐತೆ" ಅಂದ. ಅವ್ವ ಬೇಡ ಅನ್ನಲಿಲ್ಲ. "ಕರ್ಕಂಡು ಹೋಗಪ್ಪ. ನನ್ನ ಸೊಸೆ ಆ ಕಡೆಯಿಂದ ಬರ್ಲಿ, ನಿನ್ನ ಹೆಂಡ್ರು ಈ ಕಡೆಯಿಂದ ಹೋಗ್ಲಿ. ಕೊಟ್ಟು ತಂದದ್ದಲ್ವಾ" ಅಂದಳು. ಹಿರಿಯರೂ ತಲೆ ಆಡಿಸಿದರು. ನಮ್ಮಣ್ಣ ನೆಲ ನೋಡುತ್ತಾ ನಿಂತಿದ್ದ. ನಾನು ಹೂಡಿದ ಲೆಕ್ಕವನ್ನು ಅವ್ವ ನನಗೇ ತಿರುಗಿಸಿ ಹಾಕಿದಳು. ಅವಳಿಗೂ ನೀನಿಲ್ಲದೆ ಮನೆ ಬಿಕೋ ಅನ್ನುತ್ತದಂತೆ. ನಿನ್ನ ಮೇಲೆ ಪ್ರೀತಿ ಇದೆ ಚಿತ್ತಮ್ಮ, ಅದೇ ಕಷ್ಟ.

ನೀನು ಬರಬೇಡ. ಅಕ್ಟೋಬರ್ ಇನ್ನೆಷ್ಟು ದೂರ? ತಡೆಯುತ್ತೇನೆ. ಗಾಳಿ ಜೋರಿದೆ, ತಡಿಕೆಗೆ ಗೋಣಿ ಕಟ್ಟಿದ್ದೇವೆ. ಕೂಸಿಗೆ ಸ್ವಲ್ಪ ಕೆಮ್ಮು. ಹುಚ್ಚಕ್ಕ ಬಜೆ ತೇಯ್ದು ನೆಕ್ಕಿಸುತ್ತಿದ್ದಾಳೆ. ನೆನ್ನೆಯಿಂದ ಸರಿಯಾಗಿ ಹಾಲು ಕುಡಿಯುತ್ತಿಲ್ಲ, ಅಷ್ಟೇ. ಇವತ್ತು ಅಳುವುದನ್ನೂ ಕಡಿಮೆ ಮಾಡಿದೆ. ಒಳ್ಳೆಯ ಕೂಸು.

ನೀನು ಆಡು.

ಜಯಕ್ಕ

*

ಮಾರಿಕಣಿವೆ
15-7-1976

ಜಯಕ್ಕ,

ಕೂಸು ಅಳುವುದನ್ನು ಕಡಿಮೆ ಮಾಡಿದೆ ಎಂದು ಬರೆದಿದ್ದೀಯಲ್ಲ, ಅದನ್ನು ನರ್ಸಮ್ಮನಿಗೆ ಓದಿ ಹೇಳಿದೆ. ಅವಳು ಕೈಯಲ್ಲಿದ್ದ ಕೆಲಸ ಬಿಟ್ಟು "ಇವತ್ತೇ ಕರ್ಕಂಡು ಬರ್ರಿ" ಎಂದಳು.

ಈ ಕಾಗದವನ್ನು ಅಣ್ಣನ ಕೈಯಲ್ಲೇ ಕಳಿಸುತ್ತಿದ್ದೇನೆ. ಅವನು ಈಗ ಹೊರಡುತ್ತಾನೆ. ನಾನು ನಾಳೆ ಬೆಳಗಿನ ಬಸ್ಸಿಗೆ ಹತ್ತಿ ಹೊಸದುರ್ಗದಲ್ಲಿ ಇಳಿಯುತ್ತೇನೆ. ನಿಮ್ಮಣ್ಣ ನಿಮ್ಮನ್ನು ಗಾಡಿಯಲ್ಲಿ ಅಲ್ಲಿಗೆ ಕರೆತರಲಿ. ಬಸ್ ಸ್ಟ್ಯಾಂಡಿನಲ್ಲಿ ನನ್ನನ್ನು ಕಣ್ಣಾರೆ ಕಂಡ ಮೇಲೆ ನಿನ್ನನ್ನು ಬಸ್ಸಿಗೆ ಹತ್ತಿಸಿದರೆ ಯಾವ ಹಿರಿಯನೂ ಏನೂ ಅನ್ನಲಾರ.

ಸಂಘಕ್ಕೆ ಬರೆದು ಹಾಕಿದೆ, ಮದ್ರಾಸಿಗೆ ಬರಲಾಗುವುದಿಲ್ಲ, ಮೂರನೆಯವಳನ್ನು ಕಳಿಸಿ ಎಂದು. ಅಪ್ಪ ಮಣೆಯ ಮುಂದೆ ಕೂತೇ ಕೇಳಿದರು, "ಮೂರು ತಿಂಗಳು, ಅಷ್ಟೇ ಅಲ್ವೇನವ್ವ? ನಾನೇ ಹೋಗಿ ಹಿರಿಯರ ಕಾಲು ಹಿಡೀತೀನಿ." "ಹೋಗಿ ಬರುವಷ್ಟರಲ್ಲಿ ಕೂಸು ಇರುತ್ತಾ ಅಪ್ಪ?" ಎಂದೆ. ಅವರು ಕಾಯಿಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕಿದರು.

ನಾನು ದೊಡ್ಡ ಮನಸ್ಸಿನವಳು ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಬೇಡ. ನನಗೆ ನಿನ್ನ ಮೇಲೆ ಸಿಟ್ಟಿದೆ. ಆ ಕೂಸಿನ ಮೇಲೂ ಇದೆ, ದೇವರಾಣೆ. ಬರುವುದು ಬೇಡ ಎಂದು ಬರೆದವಳು ಕೆಮ್ಮಿನ ಸುದ್ದಿ ಯಾಕೆ ಬರೆದೆ? ಬರೆಯದೆ ಇದ್ದಿದ್ದರೆ ನಾನು ಮದ್ರಾಸಿಗೆ ಹೋಗಿರುತ್ತಿದ್ದೆ. ಅಲ್ಲಿಂದ ಬಂದ ಮೇಲೆ ಏನು ಕೇಳಬೇಕಾಗುತ್ತಿತ್ತೋ, ಅದನ್ನು ನೆನೆಯಲಾರೆ. ಬರೆದದ್ದೇ ಒಳ್ಳೆಯದಾಯಿತು. ಎರಡೂ ನಿಜ, ಎರಡನ್ನೂ ಇಟ್ಟುಕೋ.

ಕೂಸಿಗೆ ಬೆಚ್ಚಗೆ ಕಂಬಳಿ ಸುತ್ತು.

ಚಿತ್ತಮ್ಮ

*

ಮಾರಿಕಣಿವೆ
20-10-1976

ಚಿತ್ತಮ್ಮನಿಗೆ,

ಹೊಸದುರ್ಗದ ಬಸ್ ಸ್ಟ್ಯಾಂಡಿನಲ್ಲಿ ನಿನ್ನ ಜೊತೆ ನಾಲ್ಕು ಮಾತೂ ಆಡಲಿಲ್ಲ. ನೀನು ಇಳಿದೆ, ನಾನು ಹತ್ತಿದೆ, ಅದೇ ಬಸ್ಸು ತಿರುಗಿ ಹೊರಟಿತು. ಕಿಟಕಿಯಿಂದ ನೋಡಿದರೆ ನೀನು ನಮ್ಮಣ್ಣನ ಹಿಂದೆ ಗಾಡಿಯ ಕಡೆ ನಡೆಯುತ್ತಿದ್ದೆ. ತಿರುಗಿ ನೋಡಲಿಲ್ಲ. ಅವತ್ತಿನಿಂದ ಮೂರು ಸಲ ಕಾಗದ ಬರೆಯಲು ಕೂತೆ, ಏನು ಬರೆಯಲಿ?

ಕೂಸು ಉಳಿಯಿತು. ಎದೆಯಲ್ಲಿ ಕಫ ಕಟ್ಟಿತ್ತು, ಇನ್ನೆರಡು ದಿನ ತಡವಾಗಿದ್ದರೆ ಕಷ್ಟವಿತ್ತು ಅಂದಳು ನರ್ಸಮ್ಮ. ಈಗ ಕೆನ್ನೆ ತುಂಬಿದೆ, ಮಗ್ಗುಲು ಹೊರಳುತ್ತದೆ. ಮನೆಯೊಳಗೆ ಬೆಚ್ಚಗೆ ಮಲಗಿದ್ದೇವೆ. ಮಲಗಿದಾಗಲೆಲ್ಲ ಆ ಗೋಣಿ ಕಟ್ಟಿದ ತಡಿಕೆಯ ಹಿಂದೆ ನೀನು ಕೂತಿರುವುದು ಕಾಣುತ್ತದೆ. ನಿನ್ನ ಜಾಗದಲ್ಲಿ ನಾನು ಮಲಗಿದ್ದೇನೆ, ನನ್ನ ಜಾಗದಲ್ಲಿ ನೀನು.

ಮದ್ರಾಸಿನ ಪಂದ್ಯ ಮುಗಿಯಿತಂತೆ. ಮಾವಯ್ಯ ಪೇಪರು ತರಿಸಿದ್ದರು, ಓದದೆ ಮಡಚಿ ಇಟ್ಟರು. ಆಮೇಲೆ ಇವತ್ತು, ಎಷ್ಟೋ ದಿನದ ಮೇಲೆ ಡಬ್ಬಿ ತೆಗೆದರು. ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡು ಕುದುರೆಯ ಕಾಯಿ ಕೈಗೆ ಕೊಟ್ಟರು. ಅದು ಬಾಯಿಗೆ ಇಟ್ಟುಕೊಂಡಿತು. ಅವರು ನಕ್ಕರು. ನೀನು ಹೋದ ಮೇಲೆ ಅವರು ನಕ್ಕಿದ್ದು ನಾನು ನೋಡಿರಲಿಲ್ಲ.

"ಇವಳಿಗೂ ಕಲಿಸ್ತೀನಿ ಕಣವ್ವ. ಚಿತ್ತಮ್ಮನಂಗೇ ಆಡ್ತಾಳೆ ನೋಡು" ಅಂದರು.

ನಾನು ಕೂಸಿನ ಬಾಯಿಂದ ಕುದುರೆಯನ್ನು ತೆಗೆದು ಅವರ ಕೈಗೇ ಕೊಟ್ಟೆ.

"ಕಲಿಸ್ರಿ ಮಾವಯ್ಯ, ಬ್ಯಾಡ ಅನ್ನಲ್ಲ," ಅಂದೆ. "ಇವಳು ಆಡಾಕೆ ಹೋದಾಗ ಹಟ್ಟಿಗೆ ಯಾರನ್ನ ಕಳಿಸಾಣ, ಅದೊಂದು ಮೊದ್ಲು ಹೇಳ್ರಿ."

ನನ್ನ ಬಾಯಲ್ಲಿ ಬಂದದ್ದು ಅವ್ವನ ಮಾತು ಅಂತ ಆಡಿದ ಮೇಲೆ ಗೊತ್ತಾಯಿತು.

ನಿನ್ನ ಅತ್ತಿಗೆ,
ಜಯಕ್ಕ